ದುಬೈ ಗಂಟಲುಕಟ್ಟು ಮೀಮಾಂಸೆ

ಪೀಠಿಕೆಯನ್ನು ಯಾರೂ ಓದುವುದಿಲ್ಲವಾದ್ದರಿಂದ ನೇರ ರೋಗಲಕ್ಷಣಕ್ಕೇ ಬರುತ್ತೇವೆ. ಎಮಿರೇಟ್ಸಿನ ಖಾಸಗಿ ಶಾಲೆಗಳಲ್ಲಿ ಅರಬರಲ್ಲದ ಮಕ್ಕಳೂ ಒಂಬತ್ತನೇ ತರಗತಿಯವರೆಗೆ ಅರಬಿ ಕಲಿಯಲೇಬೇಕು. ದುಬೈಯ ಕರಾಮಾದಲ್ಲಿ ವಾಸವಿರುವ ಕುಂದಾಪುರ ಮೂಲದ ಪೋರನೊಬ್ಬ ಸ್ಕೂಲ್ ಬಸ್ಸಿನಲ್ಲಿ ‘ಯಲ್ಲಾ’, ‘ಖಲ್ಲಾಸ್’ ಎಂದು ಅರಬಿಯಲ್ಲೇ ಕಿರುಚಿ ಡ್ರೈವರನ ತಲೆ ತಿನ್ನುತ್ತಾನೆ. ಅದೇ ಪೋರ, ಟೀಚರ್ ಎಬ್ಬಿಸಿ ನಿಲ್ಲಿಸಿ ‘ಮಾ ಇಸ್ಮುಕ’ ಎಂದು ಹೆಸರು ಕೇಳಿದರೆ ಚಾವಣಿ ನೋಡುತ್ತಾನೆ.

ಪೂರ್ವಪಕ್ಷದವರು ಇದಕ್ಕೆ ಅರಬಿಯ ‘ಐನ್’ ಅಕ್ಷರವನ್ನು ದೂರುತ್ತಾರೆ. ನಮ್ಮ ಕಂಠ್ಯಾಕ್ಷರಗಳು ಹುಟ್ಟುವ ಜಾಗಕ್ಕಿಂತ ಇನ್ನೂ ಕೆಳಗೆ ಇಳಿದು ಅದನ್ನು ಎತ್ತಿ ತರಬೇಕಂತೆ. ಈ ವಾದ ನಿಲ್ಲದು. ಅರಬಿಗೆ ಇರುವುದೇ 28 ಅಕ್ಷರ. 49ನ್ನು ಅರಗಿಸಿಕೊಂಡ ಕುಲ ನಮ್ಮದು. ರೂಢಿಯಿಲ್ಲ ಎಂಬ ಇನ್ನೊಂದು ವಾದದಲ್ಲಿ ತುಸು ಹುರುಳಿದೆ: ಕೆಫೆಟೇರಿಯಾದಲ್ಲಿ ಮಲಯಾಳಂ, ಟ್ಯಾಕ್ಸಿಯಲ್ಲಿ ಹಿಂದಿ, ಮಾಲಿನಲ್ಲಿ ಇಂಗ್ಲಿಷ್. ಅರಬ್ ದೇಶದಲ್ಲಿದ್ದೂ ಹುಡುಗನಿಗೆ ಅರಬಿ ಸಿಗುವುದು ಆ ಒಂದು ಪೀರಿಯಡ್ಡಿನಲ್ಲಿ ಮಾತ್ರ.

1986ರಲ್ಲಿ ಇಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು ತರಗತಿಯಲ್ಲಿ ಪರಭಾಷೆ ಮಾತಾಡಲು ಕಾಡುವ ಇಂಥ ಭಯವನ್ನು ಅಳೆಯಲು 33 ಹೇಳಿಕೆಗಳ ಮಾಪಕವೊಂದನ್ನು ರಚಿಸಿದರು. ಮಾತಾಡುವ ಅಳುಕು, ಪರೀಕ್ಷೆಯ ಭಯ, ‘ನಾಲ್ಕು ಜನ ಏನಂದಾರು’ ಎಂಬ ಚಿಂತೆ, ಎಲ್ಲವೂ ಅದರಲ್ಲಿವೆ. ಪಾಪ, ಅವರಿಗೆ ಬೋಟಿಮ್ ಆ್ಯಪ್ ಗೊತ್ತಿರಲಿಲ್ಲ. ಇಲ್ಲಿ ವಾಟ್ಸಾಪ್ ಕರೆ ನಡೆಯದಾದ್ದರಿಂದ ಊರಿನ ಅಜ್ಜಿ ಪ್ರತ್ಯಕ್ಷವಾಗುವುದು ಬೋಟಿಮ್ಮಿನಲ್ಲಿ. ‘ಅಜ್ಜಿಗೆ ಕನ್ನಡದಲ್ಲಿ ಹೇಳು ಮಗಾ, ಶಾಲೆಲಿ ಏನ್ ಕಲಿತೆ?’ ಎಂದು ಅಮ್ಮ ಮೊಬೈಲ್ ಮುಖಕ್ಕೆ ಹಿಡಿಯುತ್ತಾಳೆ. ಮತ್ತದೇ ಚಾವಣಿ. ‘ನೆಟ್‌ವರ್ಕ್ ಸರಿಯಿಲ್ಲ ಅತ್ತೆ’ ಎಂದು ಆಕೆಯೇ ತೇಪೆ ಹಚ್ಚುತ್ತಾಳೆ. ಕನ್ನಡ ಮಿತ್ರರು ಸಂಘಟನೆ 2014ರಿಂದ ದುಬೈಯಲ್ಲಿ ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸುತ್ತ ಬಂದಿದೆ. ಅಲ್ಲಿ ಕಲಿತದ್ದನ್ನು ಅಜ್ಜಿಯೆದುರು ಒಪ್ಪಿಸುವುದೇ ಬೇರೆ ವಿದ್ಯೆ. ಆದಕಾರಣ ಮಾಪಕಕ್ಕೆ 34ನೆಯ ಹೇಳಿಕೆ ಸೇರಲೇಬೇಕು: ‘ಅಮ್ಮ ವಿಡಿಯೋ ಆನ್ ಮಾಡಿದ್ದಾಳೆ.’

ಸಿದ್ಧಾಂತ ಇಷ್ಟೇ: ಭಾಷೆ ಪರಕೀಯವೋ ಸ್ವಕೀಯವೋ ಮುಖ್ಯವಲ್ಲ, ಗಂಟಲು ಕಟ್ಟುವುದು ಎಬ್ಬಿಸಿ ನಿಲ್ಲಿಸಿದಾಗ. ಇದಕ್ಕೆ ಅಪ್ಪನೇ ಸಾಕ್ಷಿ. ಗಲ್ಫ್‌ನಲ್ಲೇ ಕೂದಲು ನರೆತರೂ ಅರಬಿ ಅರ್ಜಿಗಳನ್ನೆಲ್ಲ ಟೈಪಿಂಗ್ ಸೆಂಟರಿಗೆ ಒಪ್ಪಿಸಿ, ತೋರಿಸಿದಲ್ಲಿ ಸಹಿ ಹಾಕಿ ಬರುವ ಆತನ ಭಾಷಾಭಯ ಸೊನ್ನೆ. ಯಾರೂ ಅವನನ್ನು ಎಬ್ಬಿಸಿ ಹೆಸರು ಕೇಳಿಲ್ಲ. ಪ್ರಯೋಗಾರ್ಥ ಅಪ್ಪಂದಿರನ್ನೇ ಅರಬಿ ಪಾಠಕ್ಕೆ ಕರೆದೆವು. ಎಲ್ಲರಿಗೂ ಅದೇ ದಿನ ಅಬುಧಾಬಿಯಲ್ಲಿ ತುರ್ತು ಸೈಟ್ ವಿಸಿಟ್ ಇತ್ತು.