ನಾಲ್ಕು ಚಕ್ರದ ಶೂನ್ಯ ಸಂಪಾದನೆ

ನಮ್ಮ ಹಿತ್ತಿಲ ಹುಣಸೆಮರದ ಕೆಳಗೆ ಹನ್ನೊಂದು ತಿಂಗಳು ಒಂದು ಜೀಪು ಕೂತಿತ್ತು. ಜೀಪು ನಿಲ್ಲುತ್ತದೆಯೇ ಹೊರತು ಕೂರುವುದಿಲ್ಲ ಎಂದು ನನ್ನ ವ್ಯಾಕರಣ ತಿದ್ದಬೇಡಿ. ಚಕ್ರಗಳಿಲ್ಲದೆ ನಾಲ್ಕು ಸೈಜುಗಲ್ಲುಗಳ ಮೇಲೆ ಇರುವ ಗಾಡಿಗೆ ಬೇರೆ ಕ್ರಿಯಾಪದ ಇಲ್ಲ. ಕ್ಲಚ್ ಪೆಡಲಿನ ಪಕ್ಕದಲ್ಲಿ ನಮ್ಮ ಕೆಂಚು ಕೋಳಿ ಕಾವಿಗೆ ಕೂತು ಒಂಬತ್ತು ಮರಿ ಎಬ್ಬಿಸಿತು. "ಗಾಡಿಯಿಂದ ಬಂದ ಮೊದಲ ಆದಾಯ ಕಣ್ರೀ, ಬರೆದಿಟ್ಕೊಳ್ಳಿ" ಎಂದಳು ನಮ್ಮಾಕೆ. ನಾನು ಬರೆದಿಟ್ಟುಕೊಂಡೆ. ನಿವೃತ್ತ ಕನ್ನಡ ಮೇಷ್ಟ್ರಿಗೆ ಲೆಕ್ಕ ಬಾರದಿದ್ದರೂ ಪುಸ್ತಕ ಇಡುವುದು ಬರುತ್ತದೆ. ಎಡಗಡೆ 'ಅಂದಾಜು', ಬಲಗಡೆ 'ಆದದ್ದು'. ಎಡಗಡೆ ಅರ್ಧ ಪುಟ ತುಂಬುವಷ್ಟರಲ್ಲಿ ಬಲಗಡೆ ಏಳನೆಯ ಪುಟಕ್ಕೆ ಹೋಗಿತ್ತು.

ಊರು ಗುಮ್ಮಳಾಪುರ. ತಳಿಯ ಹತ್ತಿರದ, ರಾಗಿ ತಿಂದು ಕನ್ನಡ ಆಡುವ ತಮಿಳುನಾಡಿನ ಹಳ್ಳಿ. ಹೊರಗಿನವರಿಗೆ ಈ ಹೆಸರು ಗೊತ್ತಾಗಿದ್ದು ಒಂದು ಚಿರತೆಯಿಂದ. ಕೆನೆತ್ ಆಂಡರ್ಸನ್ 1954ರ ತನ್ನ ಮೊದಲ ಬೇಟೆ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕನಿಗೆ ಒಂದು ಅಧ್ಯಾಯವನ್ನೇ ಬಿಟ್ಟುಕೊಟ್ಟ. ಸುಮಾರು 42 ಜನರನ್ನು ತಿಂದ ಚಿರತೆ ಅದು. ಆ ಕಾಲದಲ್ಲಿ ಹೊತ್ತು ಮುಳುಗಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ನನ್ನ ಜೀಪು ಮೊದಲ ಸಲ ಸ್ಟಾರ್ಟ್ ಆದ ದಿನವೂ ಬೀದಿಯವರು ಬಾಗಿಲು ಹಾಕಿಕೊಂಡರು. ಅದು ಹೊಗೆಗೆ.

ಆದರೆ ಕನ್ನಡ ಮೇಷ್ಟ್ರಿಗೆ ಊರಿನ ದೊಡ್ಡಸ್ತಿಕೆ ಚಿರತೆಯದಲ್ಲ, ಸಿದ್ಧಲಿಂಗ ಯತಿಯದು. 'ಶೂನ್ಯ ಸಂಪಾದನೆ' ಒಬ್ಬರು ಒಂದೇ ಪಟ್ಟಿಗೆ ಕೂತು ಬರೆದ ಗ್ರಂಥವಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದರು, ಹಲಗೆಯಾರ್ಯರು ಬಿಚ್ಚಿ ಮತ್ತೆ ಕಟ್ಟಿದರು, ಆಮೇಲೆ ಕೈ ಹಾಕಿದವರು ನಮ್ಮೂರ ಹೆಸರು ಹೊತ್ತ ಗುಮ್ಮಳಾಪುರದ ಸಿದ್ಧಲಿಂಗ ಯತಿ, ಕೊನೆಗೆ ಗೂಳೂರು ಸಿದ್ಧವೀರಣ್ಣ. ಅಲ್ಲಮ, ಬಸವಣ್ಣ, ಅಕ್ಕ, ಚೆನ್ನಬಸವಣ್ಣ ಎಂದೋ ಆಡಿದ ವಚನಗಳನ್ನು ಆಯ್ದು, ಒಂದರ ಪಕ್ಕಕ್ಕೆ ಒಂದನ್ನು ಕೂರಿಸಿ, ನಡುವೆ ತಮ್ಮ ಮಾತಿನ ಕೊಂಡಿ ಹಾಕಿ ಓಡುವಂತೆ ಮಾಡಿದರು. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಜೋಡಿಸಿದ್ದು. ಹಳೆಯ ಭಾಗಗಳಿಂದ ಹೊಸದು ಕಟ್ಟುವ ವಿದ್ಯೆ ಈ ಊರಿಗೆ ನಾನು ತಂದದ್ದಲ್ಲ ಎಂದು ನಮ್ಮಾಕೆಗೆ ಇದನ್ನೇ ವಿವರಿಸಿದೆ. ಅವಳು ಬ್ಯಾಂಕಿನ ಪಾಸ್‌ಬುಕ್ ತೆರೆದು ನೋಡಿ, "ಶೂನ್ಯ ಅಂತೂ ಸಂಪಾದನೆ ಆಯ್ತು" ಎಂದಳು. ಮೂವತ್ತು ವರ್ಷ ಪಾಠ ಮಾಡಿದ ನನಗೂ ಹೊಳೆಯದಿದ್ದ ಅರ್ಥ.

ಗಾಡಿ ಯಾಕೆ ಬೇಕಿತ್ತು ಅಂದರೆ, ಚಿಕ್ಕಪ್ಪನಿಂದ ನನ್ನ ಪಾಲಿಗೆ ಬಂದ ಎರಡು ಎಕರೆ ಹೊಲ ಹಳ್ಳದ ಆಚೆಗಿದೆ. ಮಳೆಗಾಲದಲ್ಲಿ ಆ ದಾರಿಗೆ ಎತ್ತಿನ ಗಾಡಿ, ಟ್ರ್ಯಾಕ್ಟರು, ಆನೆ, ಈ ಮೂರೇ ಲಾಯಕ್ಕು. ಎತ್ತು ಸಾಕಲು ವಯಸ್ಸಿಲ್ಲ, ಟ್ರ್ಯಾಕ್ಟರಿಗೆ ದುಡ್ಡಿಲ್ಲ, ಆನೆಗಳು ರಾಗಿ ತೆನೆ ಬಲಿಯುವ ಹೊತ್ತಿಗೆ ತಾವಾಗಿಯೇ ಬರುತ್ತವೆ, ಆದರೆ ನಮ್ಮ ಕೆಲಸಕ್ಕಲ್ಲ. ಹೊಸ ಫೋರ್ ವೀಲ್ ಗಾಡಿಯ ಬೆಲೆ ಕೇಳಿಕೊಂಡು ಹೊಸೂರಿನಿಂದ ಬಸ್ಸಿನಲ್ಲಿ ವಾಪಸು ಬಂದೆ. ಕೊನೆಗೆ ಒಂದು ಕಲ್ಲುಕ್ವಾರಿಯಲ್ಲಿ ನೀರಿನ ಡ್ರಮ್ಮು ಹೊತ್ತು ಹೊತ್ತು ಸೊಂಟ ಮುರಿದುಕೊಂಡಿದ್ದ ಮಹೀಂದ್ರ ಸಿಜೆ 500ಡಿ ಕಣ್ಣಿಗೆ ಬಿತ್ತು. ಬೆಲೆ 62 ಸಾವಿರ. ಆರ್‌ಸಿ ಪುಸ್ತಕದಲ್ಲಿ ತಯಾರಾದ ವರ್ಷದ ಮೇಲೆ ಸರಿಯಾಗಿ ಗ್ರೀಸಿನ ಹೆಬ್ಬೆಟ್ಟು ಬಿದ್ದಿತ್ತು. ಜಾತಕ ನೋಡದೆ ಒಪ್ಪಿಕೊಂಡ ಸಂಬಂಧ.

ತಳಿಯಲ್ಲಿ ಒಬ್ಬ ಭಾಯ್ ಇದ್ದಾರೆ. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಬೈಯಬಲ್ಲ ಮೆಕ್ಯಾನಿಕ್. ಜೀಪಿನ ಕೆಳಗೆ ಮಲಗಿ, ಹತ್ತು ನಿಮಿಷ ಮಾತಿಲ್ಲದೆ ಟಾರ್ಚು ಆಡಿಸಿ, ಹೊರಗೆ ಬಂದು, "ಮೇಷ್ಟ್ರೇ, ಇದರಲ್ಲಿ ಒಳ್ಳೇದು ಒಂದೈತೆ" ಎಂದರು. ಏನು ಭಾಯ್ ಎಂದೆ. "ಹೆಸರು."

ಆಮೇಲೆ ಸಮಾಧಾನ ಮಾಡುವವರಂತೆ ಎಂಜಿನ್ನಿನ ಮೇಲೆ ತಟ್ಟಿದರು. ಇಂಟರ್‌ನ್ಯಾಷನಲ್ ಎಂಜಿನ್ನು. ಮಹೀಂದ್ರದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಆ ಬಿ-275 ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿನ ವಂಶವೇ ಈ ಜೀಪಿನ ಬಾನೆಟ್ಟಿನ ಕೆಳಗೂ ಬಂದಿರುವುದು. ಸದ್ದು ಜಾಸ್ತಿ, ಓಟ ಕಡಿಮೆ, ನಡುಕ ಉಚಿತ. ಆದರೆ ರಾಗಿ ಸೀಮೆಯಲ್ಲಿ ಇದಕ್ಕೊಂದು ಅನುಕೂಲವಿದೆ: ಟ್ರ್ಯಾಕ್ಟರ್ ರಿಪೇರಿ ಬಲ್ಲ ಪ್ರತಿಯೊಬ್ಬನೂ ಇದಕ್ಕೆ ಡಾಕ್ಟರು, ಮತ್ತು ನಮ್ಮ ಕಡೆ ಟ್ರ್ಯಾಕ್ಟರ್ ರಿಪೇರಿ ಬಾರದ ಗಂಡಸು ನಾನೊಬ್ಬನೇ.

ದೊಡ್ಡ ಹೊಡೆತ ಮುಂದಿನ ಆಕ್ಸಲಿನ ಕಡೆ ಕಾದಿತ್ತು. ಫೋರ್ ವೀಲ್ ಎಂದು ಕೊಂಡ ಗಾಡಿಯ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ. ಡೀಸೆಲ್ ಉಳಿಯಲೆಂದು ಹಿಂದಿನ ಯಜಮಾನರಲ್ಲಿ ಯಾರೋ ಕಳಚಿ ಮಾರಿಕೊಂಡಿದ್ದರು. ಹಳೆ ಜೀಪುಗಳಿಗೆ ಇದು ಮಾಮೂಲು, ಮದುವೆ ಮನೆಯ ಬೆಳ್ಳಿ ಲೋಟದ ಹಾಗೆ ಮೊದಲು ಕಾಣೆಯಾಗುವುದು ಅದೇ. ಲಿವರು ಮಾತ್ರ ಗಂಭೀರವಾಗಿ ನಿಂತಿತ್ತು, ಸರ್ಕಾರ ಬಿದ್ದ ಮೇಲೂ ಕೋಟು ಬಿಚ್ಚದ ಮಂತ್ರಿಯಂತೆ.

ಶಾಫ್ಟು ಹುಡುಕಲು ಬೆಂಗಳೂರಿಗೆ ಹೋದೆ. ಕಲಾಸಿಪಾಳ್ಯ, ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲಾ ಸುತ್ತಿದೆ. ಗುಜರಿ ಅಂಗಡಿಯವನ ಹತ್ತಿರ ಬೇಕಾದ ವಸ್ತುವನ್ನು ನೇರವಾಗಿ ಕೇಳಬಾರದು ಎಂದು ಭಾಯ್ ಹೇಳಿಕೊಟ್ಟಿದ್ದರು. ಮೊದಲು ರೇಡಿಯೇಟರ್ ನೋಡಬೇಕು, ಮುಖ ಸಿಂಡರಿಸಬೇಕು, ಹೊರಡುವಂತೆ ಮಾಡಿ, ಕಾಲಿಗೆ ತಾಗಿತೆಂಬಂತೆ "ಇದೇನು ಶಾಫ್ಟಾ?" ಎನ್ನಬೇಕು. ನಾನು ಎಲ್ಲವನ್ನೂ ಹಾಗೇ ಮಾಡಿದೆ. ಅವನು ನಕ್ಕು, "ಯಾವ ಜೀಪಿಗೆ ಬೇಕು ಸಾರ್?" ಎಂದ. ಆ ಶಾಫ್ಟು ಕೊಡಗಿನ ಕಾಫಿ ತೋಟದ ಜೀಪಿನದು ಎಂದು ಸತ್ಯ ಮಾಡಿದ. ಕ್ರಾಸುಗಳ ಸಂದಿಯಲ್ಲಿ ಒಣಗಿದ್ದ ಕೆಂಪು ಮಣ್ಣು ನೋಡಿ ನಾನೂ ನಂಬಿದೆ.

ಆ ಶಾಫ್ಟನ್ನು ಸೀಟಿನ ಕೆಳಗಿಟ್ಟುಕೊಂಡು ಆನೇಕಲ್ ಮೇಲಿನ ಬಸ್ಸಿನಲ್ಲಿ ಬರುವಾಗ ಹೊಳೆದದ್ದು: ಬಿಡಿಭಾಗಗಳಿಗೂ ಅಂಕಿತವಿರುತ್ತದೆ. 1940ರಲ್ಲಿ ಅಮೆರಿಕದ ಸೈನ್ಯ ಸಣ್ಣ ಗಾಡಿಯೊಂದು ಬೇಕೆಂದಾಗ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ನಕ್ಷೆ ಮಾಡಿತು, ವಿಲ್ಲಿಸ್ ಎಂಜಿನ್ನು ಕೊಟ್ಟಿತು, ಯುದ್ಧದ ಅವಸರಕ್ಕೆ ಫೋರ್ಡ್ ಕೂಡ ಅದೇ ಜೀಪನ್ನು ಲಕ್ಷಗಟ್ಟಲೆ ಮಾಡಿತು. ಫೋರ್ಡಿನವರಿಗೆ ತಮ್ಮ ಭಾಗ ಬೇರೆಯವರದರಲ್ಲಿ ಕಲೆಯಬಾರದೆಂಬ ಹಟ; ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತಿದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಎಫ್ ಎಂದರೆ ಫೋರ್ಡು. ಆದರೆ ರಣರಂಗದಲ್ಲಿ ಯಾರ ಬೋಲ್ಟು ಯಾರ ಜೀಪಿಗೆ ಹಾಕಿದರೂ ಕೂರುತ್ತಿತ್ತು. ಆ ಗಾಡಿಯ ಹೆಚ್ಚುಗಾರಿಕೆ ಅದೇ.

ಆ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಕಂಪನಿಯ ಕತೆ ಗಡಿಯವರಾದ ನಮಗೆ ಬೇಗ ಅರ್ಥವಾಗುತ್ತದೆ. 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಅಂಡ್ ಮಹಮ್ಮದ್. ದೇಶ ಎರಡಾಯಿತು. ಪಾಲುದಾರ ಗುಲಾಂ ಮಹಮ್ಮದ್ ಆಚೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ನಮ್ಮ ಊರೂ ಹಾಗೇ. 1956ರಲ್ಲಿ ಭಾಷೆಯ ಮೇಲೆ ಗೆರೆ ಎಳೆದಾಗ ಮದ್ರಾಸಿನ ಕಡೆಗೇ ಉಳಿಯಿತು. ಮೊದಲು ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ. ಕೂತಲ್ಲಿಂದ ಕದಲದೆ ಮೂರು ಜಿಲ್ಲೆ ಸುತ್ತಿದ ಊರು. ಅದರೊಳಗೆ ಕದಲದೆ ಮೂರು ಗ್ಯಾರೇಜಿನ ಬಿಲ್ಲು ಸುತ್ತಿದ ನನ್ನ ಜೀಪು.

ಹೊಸೂರಿನ ಉಪಕಾರ ಇಲ್ಲಿ ನೆನೆಯಬೇಕು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದು, 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡಿನ ಕಾರ್ಖಾನೆಯೂ ಬಂದ ಮೇಲೆ ಅಲ್ಲಿನ ಸಣ್ಣ ಸಣ್ಣ ಓಣಿಗಳಲ್ಲೂ ಲೇತು ತಿರುಗುತ್ತದೆ. ಸಿಗದ ಬುಷ್ಷನ್ನು ಕಡೆದು ಕೊಡುತ್ತಾರೆ. ಚಪ್ಪಟೆಯಾಗಿದ್ದ ಕಮಾನು ಪಟ್ಟಿಗಳನ್ನು ಬಿಚ್ಚಿ, ಬಡಿದು, ಮತ್ತೆ ಬಾಗು ಕೊಟ್ಟರು. ಆಸೆಗೆ ಇನ್ನೊಂದೆರಡು ಪಟ್ಟಿ ಸೇರಿಸಿ ಎಂದೆ. ಭಾಯ್ ಬೇಡವೆಂದರು. "ಗಟ್ಟಿ ಕಮಾನು ಲೋಡಿಗೆ. ಹಳ್ಳಕ್ಕೆ ಮೆತ್ತಗಿರಬೇಕು. ನೆಲ ಇಳಿದ ಕಡೆ ಚಕ್ರ ಇಳೀಬೇಕು, ನೆಲ ಏರಿದ ಕಡೆ ಏರಬೇಕು. ಒಂದು ಚಕ್ರ ಗಾಳೀಲಿ ನಿಂತರೆ ಎಂಜಿನ್ ಶಕ್ತಿಯೆಲ್ಲಾ ಅದಕ್ಕೇ ಹೋಗಿ ಅದೊಂದೇ ಬುಗುರಿ ಥರ ತಿರುಗುತ್ತೆ, ನೆಲದ ಮೇಲಿರೋದು ನೋಡ್ತಾ ನಿಲ್ಲುತ್ತೆ." ಡಿಫರೆನ್ಷಿಯಲ್ಲಿನ ಬಗ್ಗೆ ಅದಕ್ಕಿಂತ ತಿಳಿಯಾದ ವಿವರಣೆ ನಾನು ಕೇಳಿಲ್ಲ. ನಮ್ಮ ಅವಿಭಕ್ತ ಕುಟುಂಬದ ಬಗ್ಗೆಯೂ.

ದೊಡ್ಡ ಟಯರು, ಎತ್ತರದ ಬಾಡಿ, ಮುಂದೆ ವಿಂಚು, ತಲೆಯ ಮೇಲೆ ದೀಪಗಳ ಸಾಲು, ಇವೆಲ್ಲ ನನ್ನ ಎಡಗಡೆಯ ಪುಟದಲ್ಲಿದ್ದವು. ಮೋಟಾರು ಕಾಯಿದೆಯ 52ನೆಯ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿಯಿತು. ದುಡ್ಡಿಲ್ಲದವನು ತಾನಾಗಿಯೇ ಕಾನೂನಿನ ಪಾಲಕನಾಗುತ್ತಾನೆ. ನನ್ನ ಜೀಪಿನ ಎಲ್ಲ ಖರ್ಚೂ ಅದು ಹುಟ್ಟಿದಾಗ ಹೇಗಿತ್ತೋ ಹಾಗೆ ಮಾಡುವುದಕ್ಕೇ ಆಯಿತು. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಂತು ತಾನಿನ್ನೂ ಬದುಕಿದ್ದೇನೆಂದು ತೋರಿಸಬೇಕು. ಪಿಂಚಣಿಗೆ ನಾನು ವರ್ಷಕ್ಕೊಮ್ಮೆ ತೋರಿಸುತ್ತೇನೆ. ಜೀಪಿನ ಮೇಲೆ ಸರ್ಕಾರಕ್ಕೆ ನಂಬಿಕೆ ಜಾಸ್ತಿ.

ಹನ್ನೆರಡನೆಯ ತಿಂಗಳು ಕೋಳಿಯನ್ನು ಎಬ್ಬಿಸಿ ಜೀಪು ಹೊರಟಿತು. ಲೋ ಗೇರು ಏನೆಂದು ಅಂದು ಗೊತ್ತಾಯಿತು. ಆ ಚಿಕ್ಕ ಲಿವರು ಎಳೆದರೆ ಗಾಡಿಯ ಓಟ ಎರಡೂವರೆ ಪಾಲು ತಗ್ಗುತ್ತದೆ, ಎಳೆತ ಅಷ್ಟೇ ಏರುತ್ತದೆ. ಹಳ್ಳದ ಏರಿಯನ್ನು ಜೀಪು ನನಗಿಂತ ನಿಧಾನವಾಗಿ, ನನಗಿಂತ ಕಡಿಮೆ ಏದುಸಿರಿನಲ್ಲಿ ಹತ್ತಿತು. ಪಕ್ಕದಲ್ಲಿ ಮೇಕೆ ಹೊಡೆದುಕೊಂಡು ಬರುತ್ತಿದ್ದ ಹುಡುಗ ನನ್ನೊಡನೆ ಮಾತಾಡುತ್ತಲೇ ನಡೆದು, ಮೇಲೆ ಮೊದಲು ತಲುಪಿದ.

ಎರಡು ತಿಂಗಳು ಸೊಗಸಾಗಿತ್ತು. ಮಾರ್ಗಶಿರದ ಒಂದು ಸಂಜೆ ರಾಗಿ ಮೂಟೆ ಹೇರಿಕೊಂಡು ಬರುವಾಗ ಕೆಳಗೆ 'ಟಣ್' ಎಂದಿತು. ಇಳಿದು ನೋಡಿದರೆ ಗಾಡಿ ಏಡಿಯ ಹಾಗೆ ಓರೆಯಾಗಿದೆ. ಕಮಾನು ಪಟ್ಟಿಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟು ತುಂಡಾಗಿ, ಒಂದು ಕಡೆ ಆಕ್ಸಲ್ ಹಿಂದಕ್ಕೆ ಜಾರಿತ್ತು. ಕಮಾನು ಕಟ್ಟಿದ ಮೇಲೆ ನಾಲ್ಕು ದಿನ ಓಡಿಸಿ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ ಎಂದು ಭಾಯ್ ಹೇಳಿದ್ದರು. ನಾನು ಪುಸ್ತಕದಲ್ಲಿ ದುಂಡಗೆ ಬರೆದಿಟ್ಟುಕೊಂಡು ಮರೆತಿದ್ದೆ. ಹೊತ್ತು ಮುಳುಗುತ್ತಿತ್ತು. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಮಾಡಿದ ಮೇಲೆ ಗೆರೆಯ ಒಳಗೆ ನಾವು ಹೋಗುವ ಹಾಗಿಲ್ಲ. ಗೆರೆಯ ಹೊರಗೆ ಆನೆ ಬರಬಾರದೆಂದು ಯಾರೂ ಅದಕ್ಕೆ ಹೇಳಿದ ಹಾಗಿಲ್ಲ. ಜೀಪಿನ ತುಂಬ ಹೊಸ ರಾಗಿ.

ಅಟ್ಟಣೆಯ ಮೇಲೆ ಕಾವಲಿಗೆ ಹತ್ತುತ್ತಿದ್ದ ಮುದುಕರೊಬ್ಬರು ಇಳಿದು ಬಂದರು. "ಏನ್ ಮೇಷ್ಟ್ರೇ, ಗಾಡಿ ಸೊಟ್ಟಗದೆ?" ಎಂದು ಬಗ್ಗಿ ನೋಡಿದರು. ಹೊಲದ ಅಂಚಿಗೆ ನಿಂತಿದ್ದ ಟ್ರ್ಯಾಕ್ಟರಿನ ಕಲ್ಟಿವೇಟರಿನಿಂದ ಒಂದು ಬೋಲ್ಟು ಬಿಚ್ಚಿದರು. ತಲೆ ದಪ್ಪವಾಯಿತು. ಅರ ತಂದು ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದರು. ಮೂಟೆ ಇಳಿಸಿ, ಜಾಕಿ ಕೊಟ್ಟು, ಹಾರೆಯಲ್ಲಿ ಆಕ್ಸಲನ್ನು ಮುಂದಕ್ಕೆ ಮೀಟಿ, ಪಟ್ಟಿಗಳ ತೂತುಗಳನ್ನು ಒಂದು ಸಾಲಿಗೆ ತಂದು, ಬೋಲ್ಟು ಇಳಿಸಿ, ಯು-ಬೋಲ್ಟು ಬಿಗಿದರು. ನಾನು ಟಾರ್ಚು ಹಿಡಿದೆ. ಅದನ್ನೂ ಎರಡು ಸಲ ತಪ್ಪು ಕಡೆಗೆ ಹಿಡಿದೆ.

ಹನ್ನೊಂದು ತಿಂಗಳು ನಾನು ಏನು ಕಟ್ಟುತ್ತಿದ್ದೇನೆಂದು ಆಗ ತಿಳಿಯಿತು. ಎಲ್ಲೂ ಕೆಡದ ಗಾಡಿ ಕಟ್ಟುವ ದುಡ್ಡು ನನ್ನಲ್ಲಿರಲಿಲ್ಲ. ಎಲ್ಲಿ ಕೆಟ್ಟರೂ ಅಲ್ಲಿಯ ಯಾರೋ ಒಬ್ಬರ ಕೈಗೆ ಅರ್ಥವಾಗುವ ಗಾಡಿಯೊಂದು ನನಗೆ ಗೊತ್ತಿಲ್ಲದೆಯೇ ತಯಾರಾಗಿತ್ತು. ಕಾಡುದಾರಿಗೆ ಅದೇ ಹೆಚ್ಚು ಬಾಳಿಕೆ.

ಮರುವಾರ ತಳಿಯಿಂದ ಹೊಸ ಬೋಲ್ಟೊಂದನ್ನು ಕೊಂಡು ಮುದುಕರಿಗೆ ಹಿಂತಿರುಗಿಸಲು ಹೋದೆ. ಬೆಲೆಯೂ ಕೇಳಿದೆ. ಅವರು ಎಲೆಯಡಿಕೆ ಮೆಲ್ಲುತ್ತಾ, "ಬಿಡ್ರಪ್ಪ, ನಿಮ್ಮ ಗಾಡೀಲಿ ಎಲ್ಲಾರದೂ ಒಂದೊಂದು ಐತಂತೆ. ನನ್ನದೂ ಒಂದಿರ್ಲಿ" ಎಂದರು.

ಆ ಬೋಲ್ಟಿನ ತಲೆಯ ಮೇಲೆ ಯಾವ ಕಂಪನಿಯ ಅಕ್ಷರವಿತ್ತೋ, ಅರ ಉಜ್ಜಿದಾಗ ಅಳಿಸಿ ಹೋಗಿದೆ. ಜೀಪಿನಲ್ಲಿ ಅಂಕಿತವಿಲ್ಲದ ಭಾಗ ಅದೊಂದೇ, ಇನ್ನೂ ಸಡಿಲವಾಗದ ಭಾಗವೂ ಅದೊಂದೇ. ಮನೆಗೆ ಬಂದು ಪುಸ್ತಕ ತೆರೆದು ಬಲಗಡೆಯ ಪುಟದಲ್ಲಿ 'ಸೆಂಟರ್ ಬೋಲ್ಟು, ಒಂದು' ಎಂದು ಬರೆದೆ. ಎದುರಿಗೆ ಸೊನ್ನೆ ಹಾಕಿದೆ. ನಮ್ಮಾಕೆ ಹೆಗಲ ಮೇಲಿಂದ ಬಗ್ಗಿ ನೋಡಿ, ಇಡೀ ಲೆಕ್ಕದಲ್ಲಿ ಇದೊಂದೇ ಸರಿಯಾಗಿದೆ ಎಂದಳು.