ಹೊಳಪು ಬಂತು, ಬೆಲೆ ಇಳಿಯಿತು

ಹಳೆಯ ಕೀಬೋರ್ಡಿಗೆ ಬೆಲೆ ಕಟ್ಟುವ ವಿದ್ಯೆ ಕಡೆಗೂ ನಮ್ಮ ಗದಗ-ಬೆಟಗೇರಿಗೆ ಕಾಲಿಟ್ಟಿರುವುದು ಜಿಲ್ಲೆಯ ಪಾಲಿಗೆ ಹೆಮ್ಮೆಯ ಸಂಗತಿ. ಇಷ್ಟು ದಿನ ಆ ಕೆಲಸವನ್ನು ಗುಜರಿಯವನ ತಕ್ಕಡಿಗೆ ಬಿಟ್ಟುಕೊಟ್ಟು ಕೂತಿದ್ದೆವು. ಆತನ ಪದ್ಧತಿ ತೀರಾ ಒರಟು. ಕೀಬೋರ್ಡು, ಸೀಳಿದ ಕೊಡ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಎಲ್ಲಕ್ಕೂ ಒಂದೇ ಕಿಲೋ ಲೆಕ್ಕ. ವೈರು ಕತ್ತರಿಸಿ ಕೊಟ್ಟರೆ ತಾಮ್ರಕ್ಕೆ ಬೇರೆ ರೇಟು. ಇದರ ಮುಂದೆ ಯಾರು ಕೂತಿದ್ದರು, ಎಷ್ಟು ವರ್ಷ ದುಡಿದರು ಎಂದು ಆತ ಎಂದೂ ಕೇಳಿದವನಲ್ಲ. ಸಂಗ್ರಾಹಕರ ಪರವಾಗಿ ಹಳೆಯ ಕೀಬೋರ್ಡು ಕೊಳ್ಳಲು ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬರುವ ಪರೀಕ್ಷಕರು ಹಾಗಲ್ಲ. ಎಲ್ಲವನ್ನೂ ಕೇಳಿ ತಿಳಿದುಕೊಳ್ಳುತ್ತಾರೆ. ತಿಳಿದುಕೊಂಡ ಮೇಲೆ ಅದೇ ಕಾರಣಕ್ಕೆ ಬೆಲೆ ಇಳಿಸುತ್ತಾರೆ.

ಅವರು ನಮ್ಮೂರನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಸೀಸದ ಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳಿಗೆ ಡಿಟಿಪಿ ಬಂದಾಗ ಮೊಳೆಗಳೆಲ್ಲ ಕರಗಲು ಹೋದವು, ಆ ಜಾಗಕ್ಕೆ ಟಿವಿಎಸ್ ಗೋಲ್ಡ್ ಎಂಬ ಕೀಬೋರ್ಡು ಬಂದು ಕೂತಿತು. ಬ್ಯಾಂಕು, ಸೊಸೈಟಿ, ತಹಸೀಲ್ದಾರರ ಕಚೇರಿ, ಲಗ್ನಪತ್ರಿಕೆಯ ಅಂಗಡಿ, ಎಲ್ಲಿ ನೋಡಿದರೂ ಅದೇ ಟಕಟಕ. ಒಳಗಿರುವುದು ಚೆರಿ ಕಂಪನಿಯ ನೀಲಿ ಸ್ವಿಚ್. ಕೀ 4 ಮಿಲಿಮೀಟರ್ ಕೆಳಗಿಳಿಯುತ್ತದೆ. ಅರ್ಧದಾರಿ ದಾಟುವಾಗ ಒಳಗಿನ ಸಣ್ಣ ಬಿಳಿ ತುಂಡು ಜಾರಿ ಬಿದ್ದು ಟಕ್ ಎನ್ನುತ್ತದೆ. ಅಕ್ಷರ ಬಿತ್ತು ಎಂದು ಬೆರಳಿಗೆ ಅಲ್ಲೇ ಗೊತ್ತಾಗುತ್ತದೆ, ತಳಮುಟ್ಟ ಒತ್ತಬೇಕಿಲ್ಲ. ದಿನಕ್ಕೆ ಹತ್ತು ತಾಸು ಹೊಡೆಯುವವರಿಗೆ ಇದು ಆರಾಮ. ಈ ಕೊನೆಯ ಮಾತು ಮೌಲ್ಯಮಾಪನಕ್ಕೆ ಸಂಬಂಧಿಸಿದ್ದಲ್ಲ, ಹಾಗೇ ಹೇಳಿದೆ.

ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಮೇಲಿನದು 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ. ಒಂದೊಂದು ಕೀ ಕೆಳಗೂ ಸ್ಪ್ರಿಂಗು, ಎರಡು ಕಿಲೋಗೂ ಮಿಕ್ಕ ತೂಕ, ಬೆನ್ನಿನ ಚೀಟಿಯಲ್ಲಿ ಹುಟ್ಟಿದ ತಾರೀಖು. ಆದರೆ ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಗಿ, ಟಾಟಾ ಜೊತೆ ಸೇರಿ ಮರಳಿ ಬಂದದ್ದು 1992ರಲ್ಲಿ. ಹೀಗಾಗಿ ಮಾಡೆಲ್ ಎಂ ಈ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ಪರೀಕ್ಷಕರು ಮನಸ್ಸು ದೊಡ್ಡದು ಮಾಡಿ ನಮ್ಮ ಗೋಲ್ಡನ್ನೇ ಒಪ್ಪಿಕೊಂಡಿದ್ದಾರೆ. ಕಪ್ಪತಗುಡ್ಡದ ಅಡಿಯ ಚಿನ್ನಕ್ಕೆ ಕಣ್ಣು ಹಾಕಿ ಬಂದವರಿಗೆ ಇಲ್ಲಿಯ ಜನ ಅಡ್ಡ ನಿಂತರು, 2019ರಲ್ಲಿ ಆ ಗುಡ್ಡ ವನ್ಯಜೀವಿಧಾಮವೂ ಆಯಿತು. ಊರೊಳಗಿನ ಗೋಲ್ಡ್ ಒಯ್ಯಲು ಯಾರ ತಕರಾರೂ ಇಲ್ಲ.

ಬೆಟಗೇರಿಯ ಒಂದು ಡಿಟಿಪಿ ಅಂಗಡಿಯಲ್ಲಿ ಪರೀಕ್ಷೆ ನಡೆದದ್ದನ್ನು ನೋಡುವ ಭಾಗ್ಯ ನನ್ನದಾಯಿತು. ಪರೀಕ್ಷಕರು ಕೀಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ನಿಟ್ಟುಸಿರು ಬಿಟ್ಟರು.

"ಮೇಡಂ, ಕೀಕ್ಯಾಪ್ ಎಲ್ಲಾ ಶೈನ್ ಆಗ್ಬಿಟ್ಟಿದೆ."

"ಹೌದ್ರೀ ಸರ, ದಿನಾ ಒರಸ್ತೀನ್ರಿ," ಎಂದರು ಅಂಗಡಿಯ ಅಕ್ಕಾರು ಖುಷಿಯಿಂದ.

"ಒಳ್ಳೇದಲ್ಲ ಮೇಡಂ. ಶೈನ್ ಬಂದ್ರೆ ವ್ಯಾಲ್ಯೂ ಬಿದ್ದೋಗುತ್ತೆ."

"ಹಂಗಂದ್ರ ಒರಸಬಾರದಿತ್ತೇನ್ರಿ?"

"ಟೈಪೇ ಮಾಡಬಾರದಿತ್ತು."

"ಹೊಡೀಲಿಲ್ಲಂದ್ರ ರೊಕ್ಕ ಯಾರು ಕೊಡ್ತಾರ್ರೀ?"

ವಿದ್ಯೆಯ ಆಳ ತಿಳಿಯದವರು ಹೀಗೆ ಅಡ್ಡಪ್ರಶ್ನೆ ಹಾಕುವುದು ಸಹಜ. ಪರೀಕ್ಷಕರು ಸಿಟ್ಟಾಗಲಿಲ್ಲ. ಎಬಿಎಸ್ ಪ್ಲಾಸ್ಟಿಕ್ಕಿನ ಒರಟು ಮೈಯನ್ನು ಬೆರಳು ತಿಕ್ಕಿ ತಿಕ್ಕಿ ನುಣುಪು ಮಾಡುತ್ತದೆ, ಪಿಬಿಟಿ ಪ್ಲಾಸ್ಟಿಕ್ ಆಗಿದ್ದರೆ ಇಷ್ಟು ಬೇಗ ಸೋಲುತ್ತಿರಲಿಲ್ಲ ಎಂದು ತಿಳಿಸಿ ಹೇಳಿದರು. ಒಳಗಿನ ಸ್ವಿಚ್ 5 ಕೋಟಿ ಒತ್ತು ತಾಳುತ್ತದೆ ಎಂದು ಕಂಪನಿಯೇ ಹೇಳಿಕೊಂಡಿದೆ, ಅಕ್ಕಾರ ಕೀಬೋರ್ಡಿನ ಸ್ವಿಚ್ಚುಗಳೂ ಇನ್ನೂ ಗಟ್ಟಿಮುಟ್ಟಾಗಿವೆ. ಅದು ಒಳಗಿನ ಮಾತು. ಬೆಲೆ ನಿಂತಿರುವುದು ಹೊರಗೆ.

ಬಳಿಕ ಅವರು ಎಫ್ ಕೀ ಮೇಲೆ ಬೆರಳಿಟ್ಟು ಮೌನವಾದರು. ಎಡಗೈ ತೋರುಬೆರಳಿಗೆ ಜಾಗ ತಿಳಿಯಲೆಂದು ಅದರ ಮೇಲೊಂದು ಸಣ್ಣ ಗೆರೆಯ ಉಬ್ಬು ಇರುತ್ತದೆ. ಇಲ್ಲಿ ಉಬ್ಬೂ ಇಲ್ಲ, ಅಕ್ಷರವೂ ಇಲ್ಲ, ನಡುವೆ ಒಂದು ನುಣ್ಣನೆಯ ತಗ್ಗು. ಇಂಗ್ಲಿಷಿನಲ್ಲಿ ಎಫ್ ಅಂಥ ದುಡಿಮೆಯ ಅಕ್ಷರವೇನಲ್ಲ. ಆದರೆ ಕೆ.ಪಿ. ರಾವ್ ಅವರು ರೂಪಿಸಿ, ನುಡಿ ತಂತ್ರಾಂಶದಿಂದ ಮನೆಮಾತಾದ ಕನ್ನಡ ವಿನ್ಯಾಸದಲ್ಲಿ ಒತ್ತಕ್ಷರ ಬೇಕೆಂದರೆ ಎಫ್ ಒತ್ತಲೇಬೇಕು. ಕನ್ನಡದ ಭಾರವೆಲ್ಲ ಆ ಒಂದು ಕೀ ಮೇಲೆ.

ಇಲ್ಲಿ ನಮ್ಮ ಜಿಲ್ಲೆಯ ಊರುಗಳ ಹೆಸರನ್ನೂ ವಿಚಾರಣೆಗೆ ಒಳಪಡಿಸಬೇಕಾಗುತ್ತದೆ. ಗದಗ ಎಂದು ಹೊಡೆಯಲು ಮೂರೇ ಒತ್ತು, ಎಫ್ ಮುಟ್ಟಬೇಕಾಗಿಲ್ಲ, ಶಿಫ್ಟ್ ಕೂಡ ಬೇಡ. ಸಂಗ್ರಾಹಕರ ದೃಷ್ಟಿಯಿಂದ ಇಷ್ಟು ಮಿತವ್ಯಯದ ಜಿಲ್ಲಾ ಕೇಂದ್ರ ಇನ್ನೊಂದು ಸಿಗಲಿಕ್ಕಿಲ್ಲ. ಬೆಟಗೇರಿಯೂ ಎಫ್ ತಂಟೆಗೆ ಹೋಗುವುದಿಲ್ಲ. ಮುಂಡರಗಿ ಸೊನ್ನೆಯಲ್ಲೇ ಕೆಲಸ ಮುಗಿಸಿ ಪಾರಾಗುತ್ತದೆ. ಶಿರಹಟ್ಟಿಗೆ ಒಂದು ಎಫ್, ಸಹಿಸಬಹುದು. ಆದರೆ ಅಲ್ಲಿಯ ಮಠದ ಜಾತ್ರೆಯ ಹಸ್ತಪತ್ರಿಕೆ ಬಂದರೆ ಕಷ್ಟ; ಶ್ರೀ ಜಗದ್ಗುರು ಫಕ್ಕೀರೇಶ್ವರ ಎನ್ನುವಷ್ಟರಲ್ಲಿ ನಾಲ್ಕು ಎಫ್ ಮುಗಿದಿರುತ್ತವೆ, ಇನ್ನೂ ತಾರೀಖಿಗೇ ಬಂದಿರುವುದಿಲ್ಲ. ಲಕ್ಷ್ಮೇಶ್ವರದ ವಿಷಯ ಹೇಳದಿರುವುದೇ ಲೇಸು. ಒಂದೇ ಊರಿನ ಹೆಸರಿಗೆ ಮೂರು ಎಫ್! ಮೊದಲು ಅದು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು, ವಿಳಾಸದ ಸಾಲಿನಲ್ಲಿ ಒಂದಿಷ್ಟು ಉಳಿತಾಯವಾಗುತ್ತಿತ್ತು. ಅದನ್ನೇ ತಾಲ್ಲೂಕು ಮಾಡಿದ ದಿನ ಆಡಳಿತ ಜನರ ಹತ್ತಿರಕ್ಕೆ ಬಂತು ಎಂದು ಎಲ್ಲರೂ ಸಂತೋಷಪಟ್ಟರು. ಎಫ್ ಕೀಗೆ ಆದ ಅನಾಹುತವನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ಸೀಮೆ ಎಂದು ಕವಿರಾಜಮಾರ್ಗ ಗುರುತಿಸಿದ ನಾಲ್ಕು ಊರುಗಳಲ್ಲಿ ಒಂದು. ಆದಿಕವಿ ಪಂಪನೂ ಪುಲಿಗೆರೆಯ ತಿರುಳ್ಗನ್ನಡವನ್ನೇ ನೆಚ್ಚಿದವನು. ಅದರ ಪರಿಣಾಮ ಈಗ ಕಾಣುತ್ತಿದೆ. ಕನ್ನಡ ಹೆಚ್ಚು ಹೊಡೆದಷ್ಟೂ ಎಫ್ ಸವೆಯುತ್ತದೆ, ಎಫ್ ಸವೆದಷ್ಟೂ ಬೆಲೆ ಇಳಿಯುತ್ತದೆ. ಪರೀಕ್ಷಕರ ಅನುಭವದಲ್ಲಿ ಕನ್ನಡವನ್ನೇ ಕಾಣದ ಕೀಬೋರ್ಡಿಗೆ ಕರ್ನಾಟಕದಲ್ಲಿ ಉತ್ತಮ ಬೇಡಿಕೆ ಇದೆ.

ಗದುಗಿನ ಮಾನ ಉಳಿಸುವವನು ಕುಮಾರವ್ಯಾಸನೊಬ್ಬನೇ. ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಭಾರತ ಬರೆದವನು, ಹಲಗೆ ಬಳಪ ಹಿಡಿಯಲಿಲ್ಲ, ಬರೆದದ್ದನ್ನು ಅಳಿಸಲಿಲ್ಲ ಎಂದು ತಾನೇ ಹೇಳಿಕೊಂಡಿದ್ದಾನೆ. ಆತನ ಕೈಗೆ ಒಂದು ಗೋಲ್ಡ್ ಕೊಟ್ಟಿದ್ದರೆ ಬ್ಯಾಕ್‌ಸ್ಪೇಸ್ ಕೀ ಪೆಟ್ಟಿಗೆಯಿಂದ ತೆಗೆದ ಹಾಗೇ ಉಳಿದಿರುತ್ತಿತ್ತು. ಉಳಿದ ಕೀಗಳ ಗತಿ ಏನಾಗಿರುತ್ತಿತ್ತೋ. ಹತ್ತು ಪರ್ವ ಎಂದರೆ ಪರೀಕ್ಷಕರು ಬಿಡಿಭಾಗದ ರೇಟಿಗೂ ಮುಟ್ಟುತ್ತಿರಲಿಲ್ಲ.

ರೂಪಾಯಿ ಚಿಹ್ನೆಯ ವಿಷಯದಲ್ಲಿ ಅವರ ತೀರ್ಮಾನ ಇನ್ನೂ ಸೂಕ್ಷ್ಮ. ಆ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ. ಹಾಗಾಗಿ ಗೋಲ್ಡ್ ಭಾರತ್ ಎಂಬ ಕೀಬೋರ್ಡಿನ ಮೇಲೆ ರೂಪಾಯಿ ಕಂಡರೆ ಅದು 2010ರ ಈಚಿನದು, ಸಾಕಷ್ಟು ಹಳೆಯದಲ್ಲ, ಬೆಲೆ ಕಡಿಮೆ. ಇಡೀ ಕೀಬೋರ್ಡಿನಲ್ಲಿ ರೂಪಾಯಿ ಇರುವ ಒಂದೇ ಕೀ ರೂಪಾಯಿ ಕಳೆಯುತ್ತದೆ. ಇಂಥ ತರ್ಕ ನಮ್ಮ ಎಪಿಎಂಸಿಯ ದಲಾಲರಿಗೂ ಹೊಳೆದಿರಲಿಲ್ಲ.

ಕೆನೆಬಣ್ಣದ ಹಳೆಯ ಕೀಬೋರ್ಡು ಹಳದಿಗಟ್ಟಿದರೂ ದಂಡ ಬೀಳುತ್ತದೆ. ಅದಕ್ಕೆ ಮದ್ದುಂಟು: ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಡುವುದು. ಮುಂಡರಗಿಯ ಬಿಸಿಲು ಹದಿನೈದು ವರ್ಷ ಹಳದಿ ಮಾಡಿದ್ದನ್ನು ಅದೇ ಮುಂಡರಗಿಯ ಬಿಸಿಲಿಗೆ ಹಾಕಿ ಬೆಳ್ಳಗೆ ಮಾಡಿ ಬೆಂಗಳೂರಿಗೆ ಒಯ್ಯುತ್ತಾರೆ. ಮಹಾನವಮಿಯ ಆಯುಧಪೂಜೆಯಲ್ಲಿ ಎಸ್ಕೇಪ್ ಕೀ ಪಕ್ಕ ಇಳಿದ ಕುಂಕುಮ, ಸಂದಿಯ ವಿಭೂತಿ ಮಾತ್ರ ಹೋಗುವುದಿಲ್ಲ. ಅದಕ್ಕೆ ಪ್ರತ್ಯೇಕ ಕಡಿತ.

ಗೋದ್ರೇಜ್ ಟೈಪ್‌ರೈಟರುಗಳಿಗೆ ಇಷ್ಟು ತನಿಖೆ ಇಲ್ಲ. 1955ರಲ್ಲಿ ಹುಟ್ಟಿದ ಆ ಯಂತ್ರದಲ್ಲಿ ಜೂನಿಯರ್, ಸೀನಿಯರ್ ಪಾಸಾಗಿ ನೌಕರಿ ಹಿಡಿದವರು ಎಷ್ಟೋ ಮಂದಿ. ಈಗ ಅದು ಕಾಫಿ ಅಂಗಡಿಯ ಶೋಕೇಸಿನಲ್ಲಿ ಹೂಕುಂಡದ ಪಕ್ಕ ಕೂತರೆ ಸಾಕು, ರಿಬ್ಬನ್ ಇದೆಯೋ ಇಲ್ಲವೋ ಕೇಳುವವರಿಲ್ಲ.

ಎಲ್ಲಕ್ಕೂ ಮಿಗಿಲಾದದ್ದು ಪೆಟ್ಟಿಗೆ ಒಡೆಯದ ಕೀಬೋರ್ಡು. ಅದು ಯಾವ ಪ್ರೆಸ್ಸಿನಲ್ಲೂ ಸಿಗುವುದಿಲ್ಲ; ದುಡಿಯುವವರು ಪೆಟ್ಟಿಗೆ ಒಡೆದುಬಿಡುತ್ತಾರೆ. ಕಡೆಗೆ ಲಕ್ಷ್ಮೇಶ್ವರದ ಕಡೆಯ ಒಂದು ಶಾಲೆಯಲ್ಲಿ ಸಿಕ್ಕಿತು. ಕಂಪ್ಯೂಟರ್ ಬಂದ ವರ್ಷ ಕರೆಂಟಿನ ಪಾಯಿಂಟ್ ಇರಲಿಲ್ಲ. ಪಾಯಿಂಟ್ ಬಂದಾಗ ಕಲಿಸುವವರಿಗೆ ವರ್ಗವಾಯಿತು. ಮಕ್ಕಳು ಮುಟ್ಟಿದರೆ ಕೆಡುತ್ತದೆ ಎಂದು ಅಂದಿನ ಹೆಡ್‌ಮಾಸ್ತರರು ಕೋಣೆಗೆ ಬೀಗ ಜಡಿದರು. ಜನ ಆಗ ಅವರನ್ನು ಆಡಿಕೊಂಡರು. ಇಂದು ಆ ಪೆಟ್ಟಿಗೆಗಳನ್ನು ಕಂಡು ಪರೀಕ್ಷಕರ ಕಣ್ಣಲ್ಲಿ ನೀರಾಡಿತು. ಒಂದು ಕೀ ಕೂಡ ಹೊಳೆಯುತ್ತಿಲ್ಲ, ಎಫ್ ಮೇಲಿನ ಉಬ್ಬು ಗೀರಿದ ಹಾಗೆ ನಿಂತಿದೆ, ಒಂದು ಮಗುವಿನ ಬೆರಳೂ ಸೋಕಿಲ್ಲ. ಕಿಟಕಿಯಿಂದ ಇಣುಕಿ ನೋಡುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಮುಂದೆ ಗದಗಿಗೆ ಬಸ್ಸು ಹತ್ತಿ, ಫೀ ಕಟ್ಟಿ ಟೈಪಿಂಗ್ ಕಲಿತು, ಬೆಟಗೇರಿಯಲ್ಲಿ ಅಂಗಡಿ ಹಾಕಿ ಒಂದು ಒಳ್ಳೆಯ ಗೋಲ್ಡನ್ನು ಹಾಳು ಮಾಡಿದಳು ಎಂಬುದನ್ನು ಮೇಲೆ ನೋಡಿದ್ದೇವೆ.

ಮಾರಾಟಕ್ಕೆ ಈಗ ಇರುವುದು ಒಂದೇ ತೊಡಕು. ದಾಸ್ತಾನು ವಹಿಯಿಂದ ತೆಗೆಯಬೇಕಾದರೆ ಅದು ಬಳಸಿ ಬಳಸಿ ನಿರುಪಯುಕ್ತವಾಗಿದೆ ಎಂದು ಮೇಲಿನವರಿಗೆ ಬರೆಯಬೇಕು. ಈಗಿನ ಹೆಡ್‌ಮಾಸ್ತರರು ಆ ಪತ್ರ ಹೊಡೆಸಲು ಬೆಟಗೇರಿಗೇ ಬಂದರು. ಅಕ್ಕಾರು ಹೊಡೆದುಕೊಟ್ಟರು. ಶಾಲೆ, ಅಂಚೆ, ತಾಲ್ಲೂಕು, ಪ್ರತಿಗಳ ವಿಳಾಸ ಎಲ್ಲ ಸೇರಿ ಪತ್ರದಲ್ಲಿ ಲಕ್ಷ್ಮೇಶ್ವರ ಏಳು ಸಲ ಬಂದಿತ್ತು. ಅದೊಂದೇ ಹೆಸರಿಗೆ 21 ಎಫ್. ಪರೀಕ್ಷಕರು ಅಲ್ಲೇ ಬಾಗಿಲಲ್ಲಿ ನಿಂತು ಎಣಿಸಿ, ಬೆಳಿಗ್ಗೆ ಹೇಳಿದ ಬೆಲೆಯಲ್ಲಿ ಇನ್ನೂ ಐವತ್ತು ರೂಪಾಯಿ ಮುರಿದುಕೊಂಡರು.