ಪರದೇಶಿ ಮೀಮಾಂಸೆ: ಗೋಕರ್ಣ ಖಂಡ

ಕಡಿಮೆ ಖರ್ಚಿನ ಕಡಲೂರಿನಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ಹೊರದೇಶದವರ ಜೀವನಕ್ರಮವೇ ಈ ಪ್ರಬಂಧದ ವಸ್ತು. ಕ್ಷೇತ್ರಕಾರ್ಯ ನಡೆದದ್ದು ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದಲ್ಲಿ, ಅದರಲ್ಲೂ ಬಹುಪಾಲು ಕುಡ್ಲೆ ಬೀಚಿಗೆ ಇಳಿಯುವ ದಾರಿಯ ಒಂದು ಚಾದಂಗಡಿಯ ಬೆಂಚಿನ ಮೇಲೆ. ಯಾವ ವಿಶ್ವವಿದ್ಯಾಲಯವೂ ಅನುದಾನ ಕೊಟ್ಟಿಲ್ಲ. ಚಾದ ಲೆಕ್ಕ ಇನ್ನೂ ಬಾಕಿ ಇದೆ.

ಮೊದಲು ಪರಿಭಾಷೆ. ಇಂಗ್ಲಿಷಿನವರು ‘ಎಕ್ಸ್‌ಪ್ಯಾಟ್’ ಎನ್ನುವುದಕ್ಕೆ ಕನ್ನಡದಲ್ಲಿ ಪದವಿಲ್ಲವೆಂದು ಕೊರಗುವವರಿದ್ದಾರೆ. ‘ವಲಸೆಗಾರ’ ಎನ್ನೋಣವೆಂದರೆ ಆ ಹೆಸರು ಕೊಪ್ಪಳ, ರಾಯಚೂರಿನ ಕಡೆಯಿಂದ ಗುಳೆ ಬಂದು ಗಾರೆ ಕಲಸುವವರಿಗೆ ಮೀಸಲು. ಅವರು ಕಟ್ಟಿದ ಕೋಣೆಯಲ್ಲಿ ಮಲಗುವವನಿಗೆ ಅದೇ ಹೆಸರಿಟ್ಟರೆ ಆತ ನೊಂದುಕೊಂಡಾನು. ಊರಿನವರು ‘ಫಾರಿನ್ನವ’ ಎನ್ನುತ್ತಾರೆ. ಅದರಲ್ಲಿ ಶಾಸ್ತ್ರದ ಗಾಂಭೀರ್ಯವಿಲ್ಲ. ಆದರೆ ಎಲ್ಲರ ನಾಲಗೆಯ ಮೇಲಿರುವ ‘ಪರದೇಶಿ’ಯನ್ನು ಪಂಡಿತರು ಮರೆತದ್ದು ಆಶ್ಚರ್ಯ. ಹೊರದೇಶದವನು ಎಂಬುದು ಅದರ ಒಂದು ಅರ್ಥ, ದಿಕ್ಕಿಲ್ಲದವನು ಎಂಬುದು ಇನ್ನೊಂದು. ನವೆಂಬರಿನಲ್ಲಿ ಮೊದಲನೆಯ ಅರ್ಥದಲ್ಲಿ ಬಂದಿಳಿದವನು ಏಪ್ರಿಲ್ ಹೊತ್ತಿಗೆ ಎರಡನೆಯ ಅರ್ಥವನ್ನು ಮುಟ್ಟಿರುತ್ತಾನೆ. ಆರು ತಿಂಗಳ ಚರಿತ್ರೆಯನ್ನು ಒಂದೇ ಪದ ಹೊತ್ತಿರುವಾಗ ಬೇರೆ ಪದ ಟಂಕಿಸುವುದು ದುಂದು.

ಇನ್ನು ಮೂಲದ ಪ್ರಶ್ನೆ. ಪೂರ್ವಪಕ್ಷದವರು ಹೇಳುವುದೇನೆಂದರೆ, ಗೋವೆಯಲ್ಲಿ ಜನ ಜಾಸ್ತಿಯಾದ ಮೇಲೆ ಪರದೇಶಿಗಳು ದಕ್ಷಿಣಕ್ಕೆ ಸರಿದರು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಸಲೀಸಾಗಿ ಬಂದರು. ಇದು ತೀರ ಈಚಿನವರ ವಿಚಾರ. ಗೋಕರ್ಣದ ಮೊದಲ ಪರದೇಶಿ ರಾವಣ. ಸ್ಥಳಪುರಾಣವನ್ನು ಪ್ರವಾಸೋದ್ಯಮದ ದೃಷ್ಟಿಯಿಂದ ಯಾರೂ ಓದಿಲ್ಲವಾಗಿ ಇಲ್ಲಿ ಕೊಂಚ ವಿಸ್ತರಿಸಬೇಕಾಗಿದೆ.

ಆತ ದ್ವೀಪರಾಷ್ಟ್ರದವನು. ಕೈಲಾಸ ನೋಡಿಕೊಂಡು ಊರಿಗೆ ಮರಳುವ ದಾರಿ. ಗೋಕರ್ಣದಲ್ಲಿ ತಂಗುವ ಆಲೋಚನೆಯೇ ಇರಲಿಲ್ಲ. ಶಿವನಿಂದ ಪಡೆದು ಕೈಯಲ್ಲಿ ಹಿಡಿದಿದ್ದ ಆತ್ಮಲಿಂಗವನ್ನು ಲಂಕೆ ಮುಟ್ಟುವ ತನಕ ನೆಲಕ್ಕಿಡಕೂಡದು ಎಂಬುದು ಶರತ್ತು. ಅಷ್ಟರಲ್ಲಿ ಕಡಲ ಮೇಲೆ ಸೂರ್ಯಾಸ್ತವಾಯಿತು. ನಿಜವಾದ ಸೂರ್ಯಾಸ್ತವೂ ಅಲ್ಲ. ವಿಷ್ಣು ಚಕ್ರವನ್ನು ಅಡ್ಡ ಹಿಡಿದು ಮಾಡಿದ ಕೃತಕ ಸೂರ್ಯಾಸ್ತ. ಇಂದು ಬೀಚಿನ ಹೋಟೆಲುಗಳು ‘ಸನ್‌ಸೆಟ್ ವ್ಯೂ’ ಎಂದು ಬೋರ್ಡು ಹಾಕಿ ಕೋಣೆಗೆ ಇನ್ನೂರು ಮುನ್ನೂರು ಏರಿಸುವ ವಿದ್ಯೆಯ ಬೀಜ ಇಲ್ಲಿದೆ. ರಾವಣ ಸಂಧ್ಯಾವಂದನೆಗೆ ಹೊರಟ. ಅಲ್ಲೇ ಸುಳಿದಾಡುತ್ತಿದ್ದ ಸ್ಥಳೀಯ ಹುಡುಗನೊಬ್ಬನ ಕೈಗೆ ಲಗೇಜು ಕೊಟ್ಟು, ಸ್ವಲ್ಪ ಹಿಡಿದುಕೋ, ಈಗ ಬಂದೆ ಎಂದ. ಮೂರು ಸಲ ಕೂಗುತ್ತೇನೆ, ಬಾರದಿದ್ದರೆ ನೆಲಕ್ಕಿಡುತ್ತೇನೆ ಎಂದು ಹುಡುಗ ಕರಾರು ಹಾಕಿದ. ಗೋಕರ್ಣದ ಬಸ್ ಸ್ಟ್ಯಾಂಡಿನಲ್ಲಿ ‘ರೂಮ್ ಬೇಕಾ ಸಾರ್’ ಎಂದು ಎದುರಾಗುವವರೆಲ್ಲ ಈ ಗಣಪತಿಯ ಪರಂಪರೆಯವರು. ಮುಂದಿನದು ಗೊತ್ತೇ ಇದೆ: ಕೂಗಿದ, ಇಟ್ಟ, ಲಿಂಗ ಊರಿತು. ರಾವಣ ಜಗ್ಗಿದ, ಅದು ಬರಲಿಲ್ಲ, ಮಹಾಬಲೇಶ್ವರ ಎಂಬ ಹೆಸರು ಮಾತ್ರ ಬಂತು. ಸಿಟ್ಟಿನಲ್ಲಿ ಆತ ಎಸೆದ ಲಿಂಗದ ಸಂಪುಟ, ಮುಚ್ಚಳ, ದಾರ, ವಸ್ತ್ರಗಳು ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರುಡೇಶ್ವರಗಳಲ್ಲಿ ಬಿದ್ದವು. ಒಬ್ಬನೇ ಪ್ರವಾಸಿಯ ಸಾಮಾನು ಒಂದು ಇಡೀ ಜಿಲ್ಲೆಯ ತುಂಬ ಚೆಲ್ಲಿದ ಇನ್ನೊಂದು ನಿದರ್ಶನ ಪ್ರಬಂಧಕಾರನಿಗೆ ಸಿಕ್ಕಿಲ್ಲ.

ಇಂದಿನ ಪರದೇಶಿಯೂ ಎರಡು ದಿನಕ್ಕೆಂದೇ ಬರುತ್ತಾನೆ. ಓಂ ಬೀಚಿನಲ್ಲಿ ಬೆನ್ನುಚೀಲ ನೆಲಕ್ಕಿಡುತ್ತಾನೆ. ಸೂರ್ಯಾಸ್ತವಾಗುತ್ತದೆ. ಆಮೇಲೆ ಅದನ್ನು ಎತ್ತಲಾಗುವುದಿಲ್ಲ.

ಈಗ ಮುಖ್ಯ ತತ್ತ್ವ: ಅಗ್ಗ. ಅಗ್ಗವೆಂಬುದು ದ್ರವ್ಯವೋ, ಗುಣವೋ? ಗುಣವೆಂದರೆ ಅದು, ಪರದೇಶಿ ಅಗ್ಗವೆಂದು ಕುಡಿಯುವ ಎಳನೀರಿನ ಬೊಂಡದಲ್ಲಿ ಇರಬೇಕಾಯಿತು. ಬೊಂಡದಲ್ಲಿದ್ದರೆ ಎಲ್ಲರಿಗೂ ಸಮನಾಗಿ ಸಿಗಬೇಕಾಯಿತು. ಆದರೆ ಕೊರಳ ತುಂಬ ಕರಿಮಣಿ ಹಾಕಿಕೊಂಡು ಪೇಟೆಯಲ್ಲಿ ಹರಿವೆಸೊಪ್ಪು ಮಾರುವ ಹಾಲಕ್ಕಿ ಸಮುದಾಯದ ಅಜ್ಜಿ ಅದೇ ಬೊಂಡವನ್ನು ದುಬಾರಿ ಎಂದು ಕೊಳ್ಳದೆ ಮುಂದೆ ಹೋದದ್ದನ್ನು ಪ್ರಬಂಧಕಾರ ಪ್ರತ್ಯಕ್ಷ ಕಂಡಿದ್ದಾನೆ. ಆದ್ದರಿಂದ ಅಗ್ಗವು ಬೊಂಡದಲ್ಲಿಲ್ಲ. ಒಂದು ಯೂರೋ ಮುರಿಸಿದರೆ ಕೈತುಂಬ ರೂಪಾಯಿ ಬರುತ್ತದಲ್ಲ, ಆ ಮುರಿಯುವ ಕ್ರಿಯೆಯಲ್ಲಿದೆ. ನೈಯಾಯಿಕರು ಒಪ್ಪದಿದ್ದರೆ ಸ್ವತಃ ಕುಡ್ಲೆಗೆ ಬರಲಿ.

ಈ ಅಗ್ಗಕ್ಕೂ ಆಯುಸ್ಸಿದೆ. ಮೊದಲ ವಾರ ಪರದೇಶಿ ಎಲ್ಲವನ್ನೂ ತನ್ನ ದೇಶದ ದುಡ್ಡಿಗೆ ಪರಿವರ್ತಿಸಿ ಆನಂದಬಾಷ್ಪ ಸುರಿಸುತ್ತಾನೆ, ಚಿಲ್ಲರೆ ವಾಪಸು ಕೇಳುವುದಿಲ್ಲ. ಎರಡನೆಯ ತಿಂಗಳಲ್ಲಿ ಅವನ ತಲೆ ರೂಪಾಯಿಯಲ್ಲೇ ಯೋಚಿಸತೊಡಗುತ್ತದೆ. ಇದಕ್ಕೆ ಅಗ್ಗಭ್ರಂಶವೆಂದು ಹೆಸರಿಟ್ಟಿದ್ದೇನೆ. ಆಗ ಆತ ಆಟೋದವನೊಂದಿಗೆ ಹತ್ತು ರೂಪಾಯಿಗೆ ಅರ್ಧ ಗಂಟೆ ಜಗ್ಗಾಡುತ್ತಾನೆ, ಕುಮಟೆಯಲ್ಲಿ ಬಾಳೆಹಣ್ಣಿನ ದರವೆಷ್ಟು ಎಂದು ಬಲ್ಲವನಾಗುತ್ತಾನೆ. ಕಲಿತ ಕನ್ನಡ ಎರಡೇ ಪದ: ‘ಬೇಡ’, ‘ಜಾಸ್ತಿ’. ಚೌಕಾಸಿಗೆ ಇವೆರಡು ಸಾಲುತ್ತವೆ. ನಮ್ಮಲ್ಲಿ ಅನೇಕ ದಾಂಪತ್ಯಗಳೂ ಇವೆರಡರಲ್ಲೇ ನಡೆದಿವೆ.

ಆಹಾರದ ಅಧ್ಯಾಯವನ್ನು ಮೊಟಕುಗೊಳಿಸಲಾಗಿದೆ, ಏಕೆಂದರೆ ಬರೆಯುವಾಗ ಹಸಿವಾಯಿತು. ಇಷ್ಟು ಸಾಕು: ಅಪ್ಪೆಹುಳಿ, ತಂಬುಳಿಗಳ ಸೀಮೆಯಲ್ಲಿ ಕುಳಿತು ಪರದೇಶಿ ಕೇಳುವುದು ಹಮ್ಮಸ್. ಅಂದರೆ ಕಾಬೂಲಿ ಕಡಲೆಯ ಚಟ್ನಿ, ಒಗ್ಗರಣೆ ಮರೆತದ್ದು. ಬೇಡಿಕೆ ಇಸ್ರೇಲಿನವನದು, ರುಬ್ಬುವವ ನೇಪಾಳದವ, ಅಂಗಡಿ ಗೋಕರ್ಣದವರದು. ಊಟದ ಕೊನೆಗೆ ‘ಹಲೋ ಟು ದಿ ಕ್ವೀನ್’ ಎಂಬ ಭಕ್ಷ್ಯ ಬರುತ್ತದೆ: ಬಿಸ್ಕತ್ತು, ಬಾಳೆಹಣ್ಣು, ಐಸ್‌ಕ್ರೀಮು, ಚಾಕೊಲೇಟು. ಯಾವ ರಾಣಿ, ಯಾಕೆ ನಮಸ್ಕಾರ ಎಂದು ವಿಚಾರಿಸಿದೆ. ಬಡಿಸುವ ಹುಡುಗ, “ಮೆನುವಿನಲ್ಲಿ ಹಾಗೇ ಇದೆ” ಎಂದ. ಶಬ್ದಪ್ರಮಾಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಸರಕಾರದ ಪಾತ್ರವನ್ನೂ ಹೇಳಬೇಕು. ಪರದೇಶಿ ಬಂದ 24 ಗಂಟೆಯೊಳಗೆ ಮನೆ ಕೊಟ್ಟವರು ಫಾರಂ ತುಂಬಿ ತಿಳಿಸಬೇಕು. ಇ-ವೀಸಾದ ಪ್ರವಾಸಿಗಳಿಗೆ ಇಂತಿಷ್ಟೇ ದಿನ ಇರಬಹುದೆಂಬ ಮಿತಿಯಿದೆ. ಇದ್ದಷ್ಟು ದಿನ ಇಲ್ಲಿ ಸಂಬಳಕ್ಕೆ ದುಡಿಯಕೂಡದು. ನಮ್ಮ ಮನೆಗಳಲ್ಲೂ ಈ ಶರತ್ತನ್ನು ಸ್ವಂತ ಇಚ್ಛೆಯಿಂದ ಪಾಲಿಸುವವರಿದ್ದಾರೆ, ಪಾಪ, ಅವರಿಗೆ ಲಿಖಿತ ಆದೇಶದ ಆಸರೆಯಿಲ್ಲ. ಆದರೂ ನಿಜವಾದ ವೀಸಾ ಅಧಿಕಾರಿ ಮಳೆ. ಜೂನಿನಲ್ಲಿ ಕಡಲು ಏಳುವ ಮೊದಲೇ ಮಡಲಿನ ಗುಡಿಸಲುಗಳನ್ನು ಬಿಚ್ಚುತ್ತಾರೆ, ಅದಕ್ಕೆ ಮೇಲ್ಮನವಿ ಇಲ್ಲ.

ಹಳಬ ಪರದೇಶಿಗಳಲ್ಲಿ ಒಂದು ವ್ಯಾಧಿ ಕಾಣುತ್ತದೆ. ಬೆಂಗಳೂರಿನಿಂದ ಶನಿವಾರ ಬೆಳಿಗ್ಗೆ ಬಂದಿಳಿಯುವ ಬಸ್ಸುಗಳನ್ನೂ ಹೊಸ ಕಾಂಕ್ರೀಟನ್ನೂ ನೋಡಿ, “ಮೊದಲಿನ ಗೋಕರ್ಣ ಈಗಿಲ್ಲ” ಎಂದು ಅವರು ನಿಟ್ಟುಸಿರಿಡುತ್ತಾರೆ. ಊರು ಕೆಟ್ಟದ್ದು ಯಾವಾಗಿನಿಂದ ಎಂದು ಕೇಳುತ್ತ ಹೋದೆ. ಪ್ರತಿಯೊಬ್ಬರ ಲೆಕ್ಕದಲ್ಲೂ ಅದು ತಾನು ಬಂದ ಮರುವರ್ಷದಿಂದ. ರಾವಣನನ್ನು ಕೇಳಿದ್ದರೆ, ನಾನು ಬಂದಾಗ ಇಲ್ಲಿ ದೇವಸ್ಥಾನವೂ ಇರಲಿಲ್ಲ ಎನ್ನುತ್ತಿದ್ದ.

ಕ್ಷೇತ್ರಕಾರ್ಯದ ಕೊನೆಯ ದಿನ ಚಾದ ಲೆಕ್ಕ ತೀರಿಸಲು ಹೋದಾಗ (ತೀರಲಿಲ್ಲ) ಬೆಂಚಿನ ಕೆಳಗೆ ಕಾಲಿಗೆ ಏನೋ ತಾಗಿತು. ದೊಡ್ಡದೊಂದು ಬೆನ್ನುಚೀಲ, ಮೇಲೆ ಧೂಳು, ಒಂದು ಪಟ್ಟಿಯನ್ನು ಗೆದ್ದಲು ತಿಂದಿತ್ತು. ಸರಿಸಲು ನೋಡಿದೆ, ಅಲುಗಲಿಲ್ಲ. ಯಾರದ್ದು ಅಕ್ಕಾ ಇದು ಎಂದೆ.

“ಫಾರಿನ್ನವಂದು. ಹಂಪಿಗೆ ಹೋಗಿ ಬತ್ತೆ, ಸ್ವಲ್ಪ ನೋಡ್ಕಳಿ ಅಂದ. ಎರಡು ಮಳೆಗಾಲ ಆಯ್ತು,” ಎಂದಳು ಅಂಗಡಿಯಾಕೆ, ಗ್ಲಾಸು ತೊಳೆಯುತ್ತ. “ಮೂರು ಸಲ ಫೋನ್ ಮಾಡ್ದೆ. ಎತ್ತಲಿಲ್ಲ. ಮತ್ತೆಂತ ಮಾಡೂದ್ರಾ? ನೆಲಕ್ಕಿಟ್ಟುಬಿಟ್ಟೆ.”